ಎಕ್ಸ್‌ಪ್ಯಾನ್ಶನ್ ಬರುವ ಮುಂಚಿನ ಲೀಕ್‌ಗಳು: ಏನು ನೋಡಬಹುದು, ಏನನ್ನು ಬಿಡಬೇಕು

ಹಳೆಯ ವಿಡಿಯೋ ಗೇಮ್‌ಗೆ ಆಮೇಲೆ ಸೇರಿಸುವ ಹೊಸ ಭಾಗವೇ ಎಕ್ಸ್‌ಪ್ಯಾನ್ಶನ್, ಅದರ ಒಳಗಿನ ವಿಷಯ ಬಿಡುಗಡೆಗೆ ಮುಂಚೆಯೇ ಹೊರಬಿದ್ದರೆ ಅದು ಲೀಕ್. ಅಂಥ ಲೀಕ್ ನೋಡಿದರೆ ಆಟದ ಮಜಾ ಹೋಗುತ್ತದಾ? ಕೆಲವು ಆಟಗಳಲ್ಲಿ ಪೂರ್ತಿ ಹೋಗುತ್ತದೆ, ಕೆಲವು ಆಟಗಳಲ್ಲಿ ಚೂರೂ ಹೋಗುವುದಿಲ್ಲ. ಹಾಗಾಗಿ ಬಿಡುಗಡೆಗೆ ಎರಡು ಮೂರು ವಾರ ಇರುವಾಗಲೇ ನಿಮ್ಮನ್ನು ನೀವು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಆಟದಲ್ಲಿ ನನಗೆ ಖುಷಿ ಕೊಡುವುದು ಯಾವುದು? ಹೊಸ ಜಾಗ ಹುಡುಕುವುದಾ, ಕಥೆಯಾ, ಒಗಟು ಬಿಡಿಸುವುದಾ, ಗೆಳೆಯರ ಜೊತೆ ಸೇರಿ ಕಷ್ಟದ ಬಾಸ್ (ದೊಡ್ಡ ಶತ್ರು) ಹೊಡೆಯುವುದಾ? ಉತ್ತರ ಸಿಕ್ಕರೆ ಏನನ್ನು ಕಾಪಾಡಿಕೊಳ್ಳಬೇಕು ಅಂತ ಗೊತ್ತಾಗುತ್ತದೆ. ಉಳಿದದ್ದನ್ನು ಧಾರಾಳವಾಗಿ ನೋಡಿ.

ನಮ್ಮ ಮನೆಯಲ್ಲೇ ಎರಡು ಥರದವರಿದ್ದೇವೆ. ನನ್ನ ತಮ್ಮ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಾನೆ, ನಾನು ಎಲ್ಡನ್ ರಿಂಗ್. ಅವನಿಗೆ ಲೀಕ್ ಬೇಕೇ ಬೇಕು, ನನಗೆ ಬೇಡವೇ ಬೇಡ. ಇಬ್ಬರದ್ದೂ ಸರಿ, ಯಾಕೆ ಅಂತ ಹೇಳುತ್ತೇನೆ.

ಆಟದ ಸ್ವಭಾವ ನೋಡಿ

ವಾರ್‌ಕ್ರಾಫ್ಟ್‌ನ ಎಕ್ಸ್‌ಪ್ಯಾನ್ಶನ್ 'ದಿ ವಾರ್ ವಿದಿನ್' ಬಂದಿದ್ದು 2024ರ ಆಗಸ್ಟ್ 26ಕ್ಕೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬೀಟಾ, ಅಂದರೆ ಆಟಗಾರರಿಂದ ಆಡಿಸಿ ನೋಡುವ ಪರೀಕ್ಷೆ, ನಡೆದಿತ್ತು. ಬೀಟಾ ಫೈಲ್‌ಗಳನ್ನು ಬಗೆದು ನೋಡುವವರು ಹೊಸ ಟ್ಯಾಲೆಂಟ್‌ಗಳು (ಪಾತ್ರದ ಶಕ್ತಿಗಳು), ಡಂಜನ್‌ಗಳು (ಗುಂಪಾಗಿ ಹೊಕ್ಕು ಹೋರಾಡುವ ಜಾಗಗಳು), ಬಾಸ್‌ಗಳ ಒಂದೊಂದು ಪೆಟ್ಟು, ಎಲ್ಲವನ್ನೂ ಬರೆದಿಡುತ್ತಾರೆ. ನನ್ನ ತಮ್ಮ ಟ್ಯಾಂಕ್, ಅಂದರೆ ಮುಂದೆ ನಿಂತು ಪೆಟ್ಟು ತಡೆಯುವ ಪಾತ್ರ, ಆಡುವವನು. ಅವನ ಹಿಂದೆ ಇನ್ನೂ ನಾಲ್ಕು ಜನ ಬರುತ್ತಾರೆ. ಯಾವ ಮೂಲೆಯಲ್ಲಿ ತಿರುಗಬೇಕು, ಯಾವ ಗುಂಪನ್ನು ಮುಟ್ಟದೆ ದಾಟಬೇಕು ಅಂತ ಅವನಿಗೆ ಗೊತ್ತಿಲ್ಲದಿದ್ದರೆ ಐದೂ ಜನರ ಸಂಜೆ ಹಾಳು. ಅವನ ಖುಷಿ ಇರುವುದು ಚೆನ್ನಾಗಿ ಆಡುವುದರಲ್ಲಿ, ಅದಕ್ಕೆ ತಯಾರಿ ಬೇಕು. ಓದಲಿ ಬಿಡಿ. ಆ ಆಟ ಮಾಡುವ ಬ್ಲಿಝಾರ್ಡ್‌ನವರಿಗೂ ಇದು ಗೊತ್ತು. ಅದಕ್ಕೇ ಕಥೆಯ ಮುಖ್ಯ ದೃಶ್ಯಗಳಿರುವ ಕೆಲವು ಫೈಲ್‌ಗಳನ್ನು ಬೀಗ ಹಾಕಿ ಇಡುತ್ತಾರೆ, ಬಿಡುಗಡೆಯ ಹೊತ್ತಿಗೆ ಬೀಗ ತೆಗೆಯುತ್ತಾರೆ. ಅಂದರೆ ಎಲ್ಲ ಓದಿಕೊಂಡು ಹೋದ ನನ್ನ ತಮ್ಮನಿಗೂ ಅಲ್ಲಿ ಹೊಸದು ಸಿಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಅಂದರೆ 'ಔಟರ್ ವೈಲ್ಡ್ಸ್'. ಅದರ ಎಕ್ಸ್‌ಪ್ಯಾನ್ಶನ್ 'ಎಕೋಸ್ ಆಫ್ ದಿ ಐ' 2021ರ ಸೆಪ್ಟೆಂಬರ್ 28ಕ್ಕೆ ಬಂತು. ಈ ಆಟದಲ್ಲಿ ಲೆವೆಲ್ ಏರುವುದಿಲ್ಲ, ಹೊಸ ಆಯುಧ ಸಿಗುವುದಿಲ್ಲ. 22 ನಿಮಿಷಕ್ಕೊಮ್ಮೆ ಎಲ್ಲ ಮತ್ತೆ ಮೊದಲಿನಿಂದ ಶುರು. ನಿಮ್ಮ ಜೊತೆ ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ, ಮುಂದಿನ ಬಾಗಿಲು ತೆಗೆಯುವುದೂ ಅದೇ. ಇಂಥ ಆಟದಲ್ಲಿ ಒಬ್ಬರು ಒಂದು ಸಾಲು ಹೇಳಿದರೂ ಸಾಕು, ನೀವು ಗಂಟೆಗಟ್ಟಲೆ ಆಡಿ ಕಂಡುಕೊಳ್ಳಬೇಕಾದದ್ದು ಕೈಬಿಟ್ಟು ಹೋಯಿತು. ಎರಡನೇ ಸಲ ಆಡಿ ಸರಿಮಾಡಿಕೊಳ್ಳೋಣ ಅಂದರೆ ಅದಕ್ಕೂ ಅವಕಾಶ ಇಲ್ಲ. ಇಂಥದ್ದು ಆಡುವವರಾದರೆ ಟ್ರೇಲರ್ ಕೂಡ ನೋಡಬೇಡಿ. ಹೆಸರು ಗೊತ್ತಾಯಿತಾ, ಕೊಂಡುಕೊಳ್ಳಿ, ಶುರುಮಾಡಿ.

'ಸೈಬರ್‌ಪಂಕ್ 2077'ರ ಎಕ್ಸ್‌ಪ್ಯಾನ್ಶನ್ 'ಫ್ಯಾಂಟಮ್ ಲಿಬರ್ಟಿ' ಈ ಎರಡರ ನಡುವಿನದ್ದು. 2023ರ ಸೆಪ್ಟೆಂಬರ್ 26ಕ್ಕೆ ಅದು ಬಂತು, ಅದಕ್ಕೆ ಐದು ದಿನ ಮುಂಚೆ 2.0 ಅಪ್‌ಡೇಟ್ ಎಲ್ಲರಿಗೂ ಉಚಿತವಾಗಿ ಬಂತು. ಪರ್ಕ್‌ಗಳ (ಪಾತ್ರ ಕಲಿಯುವ ವಿಶೇಷ ಸಾಮರ್ಥ್ಯಗಳ) ಪಟ್ಟಿಯನ್ನೇ ಹೊಸದಾಗಿ ಕಟ್ಟಿದ್ದರು. ಹಳೆಯ ಸೇವ್ (ಆಡಿ ಉಳಿಸಿಟ್ಟ ಆಟ) ತೆಗೆದರೆ ನಮ್ಮದೇ ಕ್ಯಾರೆಕ್ಟರ್ ಗುರುತು ಸಿಗುತ್ತಿರಲಿಲ್ಲ. ಅಲ್ಲಿ ಪರ್ಕ್ ಬಗ್ಗೆ ಎಷ್ಟು ಬೇಕೋ ಅಷ್ಟು ಓದಬಹುದಿತ್ತು, ಓದಬೇಕಿತ್ತು ಕೂಡ. ಕಥೆ ಮಾತ್ರ ಗೂಢಚಾರರ ಕಥೆ, ಯಾರನ್ನು ನಂಬಬೇಕು ಅನ್ನುವುದೇ ಅದರ ಜೀವ. ಆ ಕಡೆ ತಲೆ ಹಾಕಬಾರದು.

'ಇದೆ' ಅನ್ನುವುದು ಬೇಕು, 'ಎಲ್ಲಿದೆ' ಅನ್ನುವುದು ಬೇಡ

ಈಗ ನನ್ನ ಆಟದ ವಿಷಯ. ಎಲ್ಡನ್ ರಿಂಗ್‌ನ ಎಕ್ಸ್‌ಪ್ಯಾನ್ಶನ್ 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' ಬರುತ್ತದೆ ಅಂತ ಹೇಳಿದ್ದು 2023ರ ಫೆಬ್ರವರಿ 28ಕ್ಕೆ. ಕೊಟ್ಟಿದ್ದು ಒಂದೇ ಒಂದು ಚಿತ್ರ. ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಸದ್ದೇ ಇಲ್ಲ. 2024ರ ಫೆಬ್ರವರಿ 21ಕ್ಕೆ ಮೊದಲ ಟ್ರೇಲರ್, ಜೂನ್ 21ಕ್ಕೆ ಬಿಡುಗಡೆ. ಇಷ್ಟು ದಿನ ಹಸಿದಿದ್ದ ಜನ ಸಿಕ್ಕಿದ ಚೂರನ್ನೆಲ್ಲ ಹಿಡಿದು ಎಳೆದಾಡುವುದು ಸಹಜ. ಅದರ ಮೇಲೆ ಕೋಪ ಮಾಡಿಕೊಳ್ಳುವಂಥದ್ದು ಏನಿಲ್ಲ.

ಇಲ್ಲಿ ಏನನ್ನು ತಿಳಿದುಕೊಂಡರೆ ನಷ್ಟ ಇಲ್ಲ? ಮೊದಲನೆಯದು, ಒಳಗೆ ಹೋಗಲು ಏನು ಬೇಕು ಅನ್ನುವುದು. ಮೂಲ ಆಟದಲ್ಲಿ ರಾಡಾನ್ ಮತ್ತು ಮೋಗ್ ಅನ್ನುವ ಇಬ್ಬರು ಬಾಸ್‌ಗಳನ್ನೂ ಸೋಲಿಸಿರಬೇಕು. ಇದನ್ನು ಕಂಪನಿಯವರೇ ಮುಂಚೆ ಹೇಳಿದ್ದರು. ಸ್ಪಾಯ್ಲರ್ (ಮಜಾ ಕೆಡಿಸುವ ಮುನ್ಸುಳಿವು) ಭಯಕ್ಕೆ ಕಿವಿ ಮುಚ್ಚಿಕೊಂಡು ಕೂತವರು ಜೂನ್ 21ರ ಬೆಳಿಗ್ಗೆ ಬಾಗಿಲಲ್ಲೇ ನಿಂತುಬಿಟ್ಟರು. ಮೋಗ್ ಇರುವ ಜಾಗವೇ ಮೂಲ ಆಟದಲ್ಲಿ ಮರೆಯಲ್ಲಿದೆ, ಆಟ ಮುಗಿಸಿದವರೂ ಅವನನ್ನು ನೋಡದೇ ಇರಬಹುದು. ಅದಕ್ಕೇ ಯಾವ ಎಕ್ಸ್‌ಪ್ಯಾನ್ಶನ್ ಆದರೂ ಸರಿ, 'ಶುರು ಮಾಡಲು ಏನು ಬೇಕು' ಅನ್ನುವ ಒಂದು ವಿಷಯವನ್ನು ಕಂಪನಿಯ ಸ್ವಂತ ಪುಟದಲ್ಲಿ ಓದಿಕೊಳ್ಳಿ. ಓದಿ, ಹಳೆಯ ಸೇವ್ ತೆಗೆದು ಸರಿ ಇದೆಯಾ ನೋಡಿ. ಕೈ ಮರೆತಿದ್ದರೆ ಆ ವಾರವೇ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು, ಹೊಸ ನಿಯಮಗಳು. ಎರ್ಡ್‌ಟ್ರೀಯಲ್ಲಿ ನಿಮ್ಮ ಹಳೆಯ ಲೆವೆಲ್ ಒಂದೇ ಸಾಲದು. ಸ್ಕಾಡುಟ್ರೀ ಫ್ರ್ಯಾಗ್‌ಮೆಂಟ್ ಅನ್ನುವ ಚೂರುಗಳನ್ನು ಹುಡುಕಿ ಕೂಡಿಸಿದರೆ ಅಲ್ಲಿಗೆ ಮಾತ್ರ ಕೆಲಸ ಮಾಡುವ ಒಂದು ಬಲ ಸಿಗುತ್ತದೆ. 20 ಹಂತದವರೆಗೆ ಏರಿಸಬಹುದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನುಗ್ಗಿದವರಿಗೆ ಮೊದಲ ವಾರ ಎಷ್ಟು ಕಷ್ಟ ಆಯಿತು ಅಂದರೆ ಪಿಸಿ ಆಟ ಮಾರುವ ಸ್ಟೀಮ್‌ನಲ್ಲಿ ದೂರುಗಳ ಮಳೆ. ಬಿಡುಗಡೆಯಾದ ವಾರದೊಳಗೇ ಒಂದು ಅಪ್‌ಡೇಟ್ ಕೊಟ್ಟು ಶುರುವಿನ ಹಂತಗಳ ಬಲ ಜಾಸ್ತಿ ಮಾಡಿದರು. ಅಂಥ ಚೂರುಗಳು ಇವೆ ಅಂತ ಗೊತ್ತಿರಲಿ. ಆದರೆ ಅವು ಎಲ್ಲೆಲ್ಲಿ ಇವೆ ಅನ್ನುವ ಮ್ಯಾಪ್ ತೆಗೆದಿರೋ, ಆಟ ಅಲ್ಲಿಗೆ ಸಾಮಾನು ಪಟ್ಟಿಯಾಗಿಬಿಡುತ್ತದೆ. ಗುಡ್ಡದ ಹಿಂದೆ ಏನಿದೆ ಅಂತ ಹತ್ತುವುದಕ್ಕೂ, ಗುಡ್ಡದ ಹಿಂದೆ ಚೂರು ಇದೆ ಅಂತ ಹತ್ತುವುದಕ್ಕೂ ತುಂಬ ವ್ಯತ್ಯಾಸ ಇದೆ.

ನನಗೆ ಈ ಆಟದಲ್ಲಿ ಬೇಕಿರುವುದು ಆ ಮೊದಲ ನೋಟ. ಮೋಗ್ ಸತ್ತ ಜಾಗದಲ್ಲಿ ಒಂದು ಗೂಡಿನಿಂದ ಒಣಗಿದ ಕೈ ಹೊರಗೆ ಚಾಚಿಕೊಂಡಿದೆ. ಅದನ್ನು ಮುಟ್ಟಬೇಕು. ಮುಟ್ಟಿದರೆ ಬೇರೆಯೇ ಲೋಕ. ಗವಿಯ ಹಾಗಿರುವ ಜಾಗದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ದೊಡ್ಡ ಬಯಲು. ಹುಲ್ಲಿನ ನಡುವೆ ಲೆಕ್ಕವಿಲ್ಲದಷ್ಟು ಸಮಾಧಿ ಕಲ್ಲುಗಳು, ಹೊಗೆಯಂತೆ ಮಸುಕು ಮಸುಕು. ದೂರದಲ್ಲಿ ಒಂದಕ್ಕೊಂದು ಸುತ್ತಿಕೊಂಡು ಬೆಳೆದ ಕಪ್ಪು ಮರ. ಆಕಾಶದಿಂದ ಪರದೆಗಳು ಇಳಿಬಿದ್ದಂತೆ ಕಾಣುತ್ತವೆ. ಕುದುರೆ ನಿಲ್ಲಿಸಿಕೊಂಡು ಸುಮ್ನೆ ನೋಡುತ್ತಾ ಇದ್ದೆ. ಇದರಲ್ಲಿ ಟ್ರೇಲರ್‌ನಲ್ಲಿ ಬಾರದ್ದು ಯಾವುದನ್ನೂ ನಾನು ಹೇಳಿಲ್ಲ, ಭಯ ಬೇಡ. ಅದರಾಚೆ ಆ ನಕ್ಷೆ ಮೇಲಕ್ಕೂ ಕೆಳಕ್ಕೂ ಮಡಚಿಕೊಂಡಿದೆ. ಕಾಣುವ ಜಾಗಕ್ಕೆ ದಾರಿ ಕಾಣುವುದಿಲ್ಲ. ದಾರಿ ಹಿಡಿದು ಹೋದರೆ ನೀವು ಅಂದುಕೊಂಡ ಜಾಗ ಬರುವುದಿಲ್ಲ. ಲೀಕ್ ಕಿತ್ತುಕೊಳ್ಳುವುದು ಇದನ್ನೇ. ಕೊನೆಯ ಬಾಸ್ ಹೆಸರು ಹೋದರೆ ಅಷ್ಟೇನೂ ಬೇಜಾರಿಲ್ಲ, ಇದು ಹೋದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು

ಲೀಕ್ ಹುಡುಕಿಕೊಂಡು ಹೋಗಿ ನೋಡುವವರು ಕಡಿಮೆ. ಹೆಚ್ಚಿನವರ ಕಣ್ಣಿಗೆ ಅದು ತಾನಾಗಿ ಬಂದು ಬೀಳುತ್ತದೆ. ಡಿಸ್ಕ್‌ಗಳು ಅಂಗಡಿಗೆ ಮುಂಚೆಯೇ ತಲುಪಿರುತ್ತವೆ, ಯಾರೋ ಒಬ್ಬರು ದಿನಾಂಕಕ್ಕೆ ಮೊದಲೇ ಮಾರುತ್ತಾರೆ. ವಿಮರ್ಶೆ ಬರೆಯುವವರಿಗೆ ಆಟ ಮುಂಚೆ ಸಿಕ್ಕಿರುತ್ತದೆ. ಹಾಗಾಗಿ ಕೊನೆಯ ವಾರ ಮುಖ್ಯ, ಅದಕ್ಕಿಂತ ಕೊನೆಯ ಮೂರು ದಿನ ಮುಖ್ಯ.

ಎಲ್ಲಕ್ಕಿಂತ ಅಪಾಯ ಯೂಟ್ಯೂಬ್ ಥಂಬ್‌ನೇಲ್. ವಿಡಿಯೋ ತೆಗೆಯದಿದ್ದರೆ ಸಾಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಎಲ್ಡನ್ ರಿಂಗ್‌ನಲ್ಲಿ ಬಾಸ್ ಎದುರಾದಾಗ ಪರದೆಯ ಕೆಳಗೆ ಉದ್ದನೆಯ ಕೆಂಪು ಪಟ್ಟಿ ಬರುತ್ತದೆ, ಅದರ ಮೇಲೇ ಹೆಸರು. ಥಂಬ್‌ನೇಲ್ ಮಾಡುವವರು ಅದೇ ಫ್ರೇಮ್ ಆರಿಸುತ್ತಾರೆ. ಮುಖವೂ ಬಂತು, ಹೆಸರೂ ಬಂತು, ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ಅದಕ್ಕೆ ಬಿಡುಗಡೆಗೆ ಎರಡು ವಾರ ಮುಂಚೆಯೇ ಆ ಆಟದ ಯಾವ ವಿಡಿಯೋ ಕಂಡರೂ ಮೂರು ಚುಕ್ಕೆ ಒತ್ತಿ ಆಸಕ್ತಿ ಇಲ್ಲ ಅಂತ ಹೇಳಿ. ಅದೇ ಚಾನೆಲ್ ಮತ್ತೆ ಮತ್ತೆ ಬಂದರೆ ಆ ಚಾನೆಲ್ ತೋರಿಸಬೇಡ ಅನ್ನುವುದನ್ನು ಒತ್ತಿ. ವಾಚ್ ಹಿಸ್ಟರಿಯಲ್ಲಿರುವ ಆ ಆಟದ ಹಳೆಯ ವಿಡಿಯೋಗಳನ್ನೂ ಅಳಿಸಿ, ಯೂಟ್ಯೂಬ್ ನಿಮಗೇನು ಇಷ್ಟ ಅಂತ ಊಹಿಸುವುದು ಅದನ್ನು ನೋಡಿಯೇ. ಕೊನೆಯ ಮೂರು ದಿನ ನಾನು ಯೂಟ್ಯೂಬ್ ಮುಖಪುಟಕ್ಕೆ ಹೋಗುವುದೇ ಇಲ್ಲ. ಹಾಡು ಬೇಕಿದ್ದರೆ ಬೇರೆ ಆ್ಯಪ್‌ನಲ್ಲಿ ಕೇಳುತ್ತೇನೆ.

ಎಕ್ಸ್‌ನಲ್ಲಿ (ಮೊದಲಿನ ಟ್ವಿಟರ್) ಪದಗಳನ್ನು ಮ್ಯೂಟ್ ಮಾಡಬಹುದು, 30 ದಿನಕ್ಕೆ ಅಂತ ಅವಧಿಯನ್ನೂ ಇಡಬಹುದು. ಆಟದ ಹೆಸರು, ಅದರ ಚಿಕ್ಕ ರೂಪ, ಕಂಪನಿಯ ಹೆಸರು, ನಿರ್ದೇಶಕರ ಹೆಸರು ಹಾಕಿ. ಆಮೇಲೆ ಫೈನಲ್ ಬಾಸ್, ಎಂಡಿಂಗ್, ಲೀಕ್ ಇವುಗಳನ್ನೂ ಸೇರಿಸಿ. ಇಂಗ್ಲಿಷ್ ಕಾಗುಣಿತದಲ್ಲೇ ಹಾಕಬೇಕು, ಹೆಸರಿನ ಪದಗಳನ್ನು ಕೂಡಿಸಿ ಬರೆದ ಹ್ಯಾಶ್‌ಟ್ಯಾಗ್ ಇದ್ದರೆ ಅದನ್ನು ಬೇರೆ ಹಾಕಬೇಕು. ಚಿತ್ರದೊಳಗೆ ಬರೆದಿರುವುದನ್ನು ಇದು ತಡೆಯುವುದಿಲ್ಲ, ಅದು ನೆನಪಿರಲಿ. ಪಿಎಸ್5 (ಪ್ಲೇಸ್ಟೇಷನ್ 5) ಇರುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಸ್ಪಾಯ್ಲರ್ ತಡೆಯುವ ಆಯ್ಕೆ ಇದೆ, ಹಾಕಿಕೊಳ್ಳಿ. ಟ್ರೋಫಿ (ಸಾಧನೆಗೆ ಸಿಗುವ ಪದಕ) ಪಟ್ಟಿಯನ್ನು ತೆರೆಯಬೇಡಿ, ಬಾಸ್‌ಗಳ ಹೆಸರು ಸಾಲಾಗಿ ಕೂತಿರುವುದು ಅಲ್ಲೇ.

ಇನ್ನು ಕಮೆಂಟ್‌ಗಳು. 2020ರ ಏಪ್ರಿಲ್ ಕೊನೆಯಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'ರ ದೃಶ್ಯಗಳು ಹೊರಗೆ ಬಿದ್ದವು. ಆಟ ಬರಲು ಇನ್ನೂ ಏಳೆಂಟು ವಾರ ಇತ್ತು. ಕೆಲವರು ಬೇಕಂತಲೇ, ಸಂಬಂಧವೇ ಇಲ್ಲದ ಜಾಗಗಳಲ್ಲಿ ಒಂದೇ ಸಾಲಿನಲ್ಲಿ ಕಥೆ ಬರೆದು ಹೋದರು. ಇಂಥ ಕೆಲಸ ನನಗೆ ಸ್ವಲ್ಪವೂ ಅರ್ಥವಾಗುವುದಿಲ್ಲ. ಬೇರೆಯವರು ಕಾದು ಕೂತಿದ್ದನ್ನು ಕೆಡಿಸಿ ಏನು ಸಿಗುತ್ತದೆ? ಆ ಆಟ ಬಿಡುಗಡೆಯಾದ ಮೂರು ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಹಾಗಂತ ಲೀಕ್‌ನಿಂದ ಯಾರಿಗೂ ನೋವಾಗಲಿಲ್ಲ ಅಂತ ಅಲ್ಲ. ಕಮೆಂಟ್ ಓದುವ ಚಾಳಿ ಇದ್ದರೆ ಆ ಕೆಲವು ದಿನ ಬಿಡಿ.

ಬಿಡುಗಡೆಯ ಗಂಟೆಯನ್ನೂ ನೋಡಿಕೊಳ್ಳಿ. ಎರ್ಡ್‌ಟ್ರೀ ಕನ್ಸೋಲ್‌ನಲ್ಲಿ ಆಯಾ ದೇಶದ ಮಧ್ಯರಾತ್ರಿಗೆ ತೆರೆಯಿತು. ಪಿಸಿಯಲ್ಲಿ ಎಲ್ಲ ಕಡೆ ಒಂದೇ ಹೊತ್ತಿಗೆ, ನಮ್ಮ ಲೆಕ್ಕದಲ್ಲಿ ಬೆಳಗಿನ ಜಾವ 3.30ಕ್ಕೆ. ಕನ್ಸೋಲ್‌ನಲ್ಲಿ ನ್ಯೂಜಿಲೆಂಡಿನವರು ನಮಗಿಂತ ಆರೂವರೆ ಗಂಟೆ ಮುಂಚೆ ಆಡುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಎಷ್ಟೋ ಚಿತ್ರಗಳು ಹೊರಬರುತ್ತವೆ.

ಆಟದ ಒಳಗೇ ಇರುವ ಸ್ಪಾಯ್ಲರ್

ಇದನ್ನು ತುಂಬ ಜನ ಗಮನಿಸುವುದಿಲ್ಲ. ಎಲ್ಡನ್ ರಿಂಗ್‌ನಲ್ಲಿ ಆನ್‌ಲೈನ್ ಇದ್ದರೆ ಬೇರೆ ಆಟಗಾರರು ನೆಲದ ಮೇಲೆ ಬರೆದ ಸಂದೇಶಗಳು ಕಾಣುತ್ತವೆ. ಮುಂದೆ ಗುಟ್ಟಿನ ದಾರಿ, ಇಲ್ಲಿ ಹಾರಬೇಕು, ಹಿಂದೆ ಹೊಂಚು ಹಾಕಿದ್ದಾರೆ ಅಂತೆಲ್ಲ. ಕೆಲವು ಸುಳ್ಳು, ಕೆಲವು ನಿಜ. ಮೂಲ ಆಟದಲ್ಲಿ ಅವು ನನಗೆ ತುಂಬ ಇಷ್ಟ, ಒಂಟಿಯಾಗಿ ಆಡುತ್ತಿದ್ದರೂ ಯಾರೋ ಜೊತೆಗಿದ್ದಾರೆ ಅನ್ನಿಸುತ್ತದೆ. ಆದರೆ ಎಕ್ಸ್‌ಪ್ಯಾನ್ಶನ್‌ನ ಮೊದಲ ಸುತ್ತು ಆಫ್‌ಲೈನ್ ಆಡಿ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಆ ಆಯ್ಕೆ ಇದೆ. ಯಾವ ಗೋಡೆ ನಿಜ, ಯಾವುದು ಸುಳ್ಳು ಅಂತ ನೀವೇ ಬಡಿದು ನೋಡಿ. ಎರಡನೇ ಸುತ್ತಿಗೆ ಆನ್‌ಲೈನ್ ಹೋಗಿ, ಆಗ ಆ ಸಂದೇಶಗಳ ಮಜಾ ಬೇರೆ.

ಮನೆಯವರು, ಗೆಳೆಯರು

ಆ್ಯಪ್‌ಗಳಿಗಿಂತ ಕಷ್ಟ ಜನ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬೇಕಂತಲೇ ಕೆಡಿಸುವವರು ಯಾರೂ ಇಲ್ಲ. ಖುಷಿ ತಡೆಯಲಾಗದೆ ಹೇಳಿಬಿಡುವವರು ಇದ್ದಾರೆ. ಜೂನ್ ತಿಂಗಳಲ್ಲಿ ಒಂದು ಸಂಜೆ ತಮ್ಮ ಫೋನ್ ಮಾಡಿದ.

"ಅಕ್ಕಾ, ಕೊನೇ ಬಾಸ್ ಯಾರು ಅಂತ ಹೊರಗೆ ಬಂದಿದ್ಯಂತೆ."

"ಹೇಳ್ಬೇಡ."

"ಹೇಳಲ್ಲ. ಗೊತ್ತಾದ್ರೆ ಶಾಕ್ ಆಗ್ತೀಯ ಅಷ್ಟೇ."

"ಅದನ್ನೂ ಹೇಳ್ಬೇಡ ಕಣೋ."

ಅವನು ಹೆಸರು ಹೇಳಲಿಲ್ಲ. ಆದರೆ 'ಶಾಕ್ ಆಗ್ತೀಯ' ಅನ್ನುವುದೇ ಅರ್ಧ ಹೇಳಿದಂತೆ. ಅವತ್ತಿನಿಂದ ನನ್ನ ತಲೆ ಹಳೆಯ ಪಾತ್ರಗಳನ್ನೆಲ್ಲ ಲೆಕ್ಕ ಹಾಕತೊಡಗಿತು. ಅದಕ್ಕೆ ಗೆಳೆಯರಿಗೆ ಮುಂಚೆಯೇ ಬಾಯಿಬಿಟ್ಟು ಹೇಳಿ: ಹೆಸರು ಮಾತ್ರ ಅಲ್ಲ, ಸುಳಿವೂ ಬೇಡ. ಚೆನ್ನಾಗಿದೆ, ಚೆನ್ನಾಗಿಲ್ಲ, ಅಳು ಬಂತು, ಇವೂ ಬೇಡ. ಹೀಗೆ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳದೇ ಇದ್ದು ಆಮೇಲೆ ಸಿಟ್ಟಾಗುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ? ಗ್ರೂಪನ್ನು ಒಂದು ವಾರ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿದರೆ ಇನ್ನೂ ನಿಶ್ಚಿಂತೆ.

ಆಗಲೇ ಕಣ್ಣಿಗೆ ಬಿದ್ದಿದ್ದರೆ

ಬಿದ್ದರೆ ಮೊದಲು ಮಾಡಬೇಕಾದ್ದು: ನಿಲ್ಲಿಸುವುದು. 'ಇದು ನಿಜಾನಾ' ಅಂತ ಹುಡುಕಲು ಹೋಗಬೇಡಿ. ಸುಳ್ಳು ಲೀಕ್‌ಗಳು ಬೇಕಾದಷ್ಟಿವೆ, ನೀವು ನೋಡಿದ್ದು ಸುಳ್ಳೇ ಇರಬಹುದು. ಹುಡುಕಿದರೆ ಒಂದರ ಜೊತೆ ಹತ್ತು ಕಾಣುತ್ತವೆ, ಅವುಗಳಲ್ಲಿ ನಿಜವೂ ಇರುತ್ತದೆ.

ಸ್ಪಾಯ್ಲರ್‌ನಿಂದ ಏನೂ ಆಗುವುದಿಲ್ಲ ಅನ್ನುವವರು ಒಂದು ಅಧ್ಯಯನವನ್ನು ತೋರಿಸುತ್ತಾರೆ. 2011ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ 12 ಸಣ್ಣ ಕಥೆಗಳನ್ನು ಜನರಿಗೆ ಓದಿಸಿದರು. ಕೊನೆ ಮುಂಚೆಯೇ ತಿಳಿದು ಓದಿದವರಿಗೆ ಕಥೆ ಒಟ್ಟಾರೆ ಸ್ವಲ್ಪ ಜಾಸ್ತಿಯೇ ಇಷ್ಟವಾಗಿತ್ತು. ನಾನು ಇದನ್ನು ನಂಬುತ್ತೇನೆ. ಅಮ್ಮನ ಊರು ಕುಂದಾಪುರದ ಕಡೆ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವವರಿಗೆ ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿಲ್ಲವೇ? ಗೊತ್ತಿದ್ದೇ ಬರುತ್ತಾರೆ. ಇವತ್ತಿನ ವೇಷಧಾರಿ ಹೇಗೆ ಮಾತಾಡುತ್ತಾನೆ, ಹೇಗೆ ಕುಣಿಯುತ್ತಾನೆ ಅಂತ ನೋಡಲು ಬರುತ್ತಾರೆ. ಹಾಗಾಗಿ ಕಥೆಯ ಲೀಕ್ ಕಣ್ಣಿಗೆ ಬಿದ್ದಿದ್ದರೆ ಅಷ್ಟು ಕೊರಗಬೇಡಿ. ಬಾಸ್ ಹೆಸರು ಗೊತ್ತಿದ್ದರೂ ಅವನನ್ನು ನೀವೇ ಸೋಲಿಸಬೇಕು, ಮೊದಲ ಪೆಟ್ಟಿಗೆ ಸತ್ತು ಬೀಳುವುದೂ ನೀವೇ. ಆದರೆ ಆ ಅಧ್ಯಯನ ಓದುವುದರ ಬಗ್ಗೆ ಇತ್ತು. ಹುಡುಕುವ ಆಟಕ್ಕೂ ಒಗಟಿನ ಆಟಕ್ಕೂ ಅದನ್ನು ತಂದು ಹಚ್ಚಿದರೆ ನಾನು ಒಪ್ಪುವುದಿಲ್ಲ. ಉತ್ತರ ಹೇಳಿಬಿಟ್ಟ ಮೇಲೆ ಒಗಟು ಬಿಡಿಸುವುದು ಹೇಗೆ?

ಜಾಗದ ಲೀಕ್ ಕಣ್ಣಿಗೆ ಬಿದ್ದಿದ್ದರೆ ಒಂದು ಉಪಾಯ ಇದೆ. ಆ ಜಾಗಕ್ಕೆ ನೇರ ಹೋಗಬೇಡಿ. ಅದರ ಎದುರು ದಿಕ್ಕಿನಿಂದ ಶುರುಮಾಡಿ. ದೊಡ್ಡ ನಕ್ಷೆಯಲ್ಲಿ ನಿಮಗೆ ಗೊತ್ತಿರುವುದು ಒಂದು ಮೂಲೆ ಅಷ್ಟೇ. ಅಲ್ಲಿಗೆ ತಲುಪುವ ಹೊತ್ತಿಗೆ ಎಷ್ಟೋ ಗಂಟೆ ಆಟ ನಿಮ್ಮದೇ ಆಗಿರುತ್ತದೆ.

ಇವನ್ನು ಮಾತ್ರ ತಪ್ಪದೇ ನೋಡಿ

ಆಟ ನಿಮ್ಮ ಮಷೀನಿನಲ್ಲಿ ಸರಿಯಾಗಿ ಓಡುತ್ತದಾ ಅನ್ನುವುದು ಯಾವತ್ತೂ ಸ್ಪಾಯ್ಲರ್ ಅಲ್ಲ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ ಬಂದಾಗ ಬಿಡುಗಡೆಗೆ ಮುಂಚಿನ ವಿಮರ್ಶೆಗಳೆಲ್ಲ ಪಿಸಿಯಲ್ಲಿ ಆಡಿ ಬರೆದವು. ಪಿಎಸ್4 ಇಟ್ಟುಕೊಂಡವರಿಗೆ ಅದರ ನಿಜ ಸ್ಥಿತಿ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಸೋನಿ ತನ್ನ ಸ್ಟೋರ್‌ನಿಂದಲೇ ಅದನ್ನು ತೆಗೆದುಹಾಕಿತು. ಹಾಗಾಗಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಅಥವಾ ಕನ್ಸೋಲ್‌ನಲ್ಲಿ ಎಷ್ಟು ಫ್ರೇಮ್ ಬರುತ್ತದೆ, ಸೇವ್ ಕೆಡುತ್ತದಾ, ಇಷ್ಟನ್ನು ಓದಿ. ವಿಡಿಯೋ ನೋಡಬೇಡಿ, ಬರಹ ಓದಿ. ಬರಹದಲ್ಲಿ ಬೇಡದ ಕಡೆ ಕಣ್ಣು ಹಾರಿಸಬಹುದು. ಅಷ್ಟೂ ಭಯ ಇದ್ದರೆ ಲೀಕ್‌ಗೆ ಹೆದರದ ಒಬ್ಬರನ್ನು ಕೇಳಿ. ನನಗೆ ತಮ್ಮ ಓದಿ ಹೇಳುತ್ತಾನೆ.

ಕದ್ದು ತಂದ ಲೀಕ್‌ಗಳ ವಿಷಯ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಜಿಟಿಎ 6ರ ಸುಮಾರು 90 ವಿಡಿಯೋ ತುಣುಕುಗಳು ಹೊರಬಂದವು. ಅರ್ಧ ಕಟ್ಟಿದ ಕೆಲಸ. ಅದನ್ನು ನೋಡಿ ಗ್ರಾಫಿಕ್ಸ್ ಚೆನ್ನಾಗಿಲ್ಲ ಅಂತ ಷರಾ ಬರೆದವರಿದ್ದರು. ಆ ಆಟ ಮಾಡುವ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೂ ಸ್ಟುಡಿಯೋ ಇದೆ, ಆ ಕೆಲಸ ಮಾಡುವವರಲ್ಲಿ ನಮ್ಮ ಊರಿನವರೂ ಇದ್ದಾರೆ. 2023ರ ಡಿಸೆಂಬರ್‌ನಲ್ಲಿ ಇನ್‌ಸೋಮ್ನಿಯಾಕ್ ಸ್ಟುಡಿಯೋದಿಂದ ಕದ್ದ ಫೈಲ್‌ಗಳಲ್ಲಿ ಆಟದ ಜೊತೆಗೆ ಅಲ್ಲಿ ಕೆಲಸ ಮಾಡುವವರ ಸ್ವಂತ ಕಾಗದಪತ್ರಗಳೂ ಇದ್ದವು. ಇಂಥದ್ದನ್ನು ಡೌನ್‌ಲೋಡ್ ಮಾಡಬೇಡಿ, ಫಾರ್ವರ್ಡ್ ಮಾಡಬೇಡಿ. ಬೇರೆ ಲೀಕ್‌ಗಳ ಬಗ್ಗೆ ನಿಮ್ಮ ಇಷ್ಟ ಅನ್ನುತ್ತೇನೆ, ಇದರ ಬಗ್ಗೆ ಅನ್ನುವುದಿಲ್ಲ.

ನೀವು ಮುಗಿಸಿದ ಮೇಲೆ

ಈಗ ಕಾಪಾಡುವ ಸರದಿ ನಿಮ್ಮದು. ಕೆಲಸ, ಮಕ್ಕಳು, ಪರೀಕ್ಷೆ ಅಂತ ಎಷ್ಟೋ ಜನ ತಿಂಗಳ ನಂತರ ಶುರುಮಾಡುತ್ತಾರೆ. ಸ್ಟೇಟಸ್‌ಗೆ ಬಾಸ್ ಸತ್ತ ಸ್ಕ್ರೀನ್‌ಶಾಟ್ ಹಾಕುವಾಗ ಹೆಸರಿನ ಭಾಗ ಕತ್ತರಿಸಿ ಹಾಕಿ. ಗ್ರೂಪಿನಲ್ಲಿ ಮಾತು ಶುರುಮಾಡುವ ಮುಂಚೆ ಯಾರು ಎಲ್ಲಿಯವರೆಗೆ ಆಡಿದ್ದೀರಿ ಅಂತ ಕೇಳಿ. ಡಿಸ್ಕಾರ್ಡ್‌ನಲ್ಲಾದರೆ ಸಾಲಿನ ಮುಂದೆ ಎರಡು ನೆಟ್ಟನೆ ಗೆರೆ, ಹಿಂದೆ ಎರಡು ನೆಟ್ಟನೆ ಗೆರೆ ಹಾಕಿದರೆ ಆ ಸಾಲು ಕಪ್ಪಾಗಿ ಮುಚ್ಚಿಕೊಳ್ಳುತ್ತದೆ, ಬೇಕಾದವರು ಒತ್ತಿ ಓದುತ್ತಾರೆ. ಟೆಲಿಗ್ರಾಮ್‌ನಲ್ಲಿ ಸಾಲನ್ನು ಆರಿಸಿ ಸ್ಪಾಯ್ಲರ್ ಅನ್ನುವುದನ್ನು ಒತ್ತಬೇಕು. ವಾಟ್ಸಾಪ್‌ನಲ್ಲಿ ಬೇರೆ ಗ್ರೂಪ್ ಮಾಡಿಬಿಡಿ, ಮುಗಿಸಿದವರಿಗೆ ಮಾತ್ರ. ಯಾರಾದರೂ ಮುಗಿಸಿದಾಗ ಅವರನ್ನು ಸೇರಿಸಿ.